ಕಾಫಿಯ ಕಲೆ, ಹಲ್ಲಿನ ಲೆಕ್ಕ

ಈ ಪತ್ರಿಕೆಯಲ್ಲಿ ತೆರಿಗೆ ವಿವರಣಾ ಪತ್ರಗಳ ಗಡುವು, ಲೆಕ್ಕ ಪರಿಶೋಧನೆಯ ನಿಯಮಗಳು ಮೊದಲಾದ ವಿಷಯಗಳನ್ನು ಕುರಿತು ಬರೆಯುತ್ತ ಬಂದಿರುವ ನಾನು ಈ ತಿಂಗಳು ಹಲ್ಲಿನ ಬಿಳುಪನ್ನು ಕುರಿತು ಬರೆಯಹೊರಟಿರುವುದು ಸದಸ್ಯ ಬಾಂಧವರಿಗೆ ಸ್ವಲ್ಪ ವಿಚಿತ್ರವಾಗಿ ತೋರಬಹುದು. ಇದಕ್ಕೆ ಕಾರಣವಾದದ್ದು ನಮ್ಮ ಸಂಸ್ಥೆಯ ಸದಸ್ಯರೂ ನನ್ನ ಕಕ್ಷಿದಾರರೂ ಆದ ಜವಳಿ ವ್ಯಾಪಾರಿಯೊಬ್ಬರು ಕೇಳಿದ ಎರಡು ಪ್ರಶ್ನೆಗಳು.

ಅವರ ಮಳಿಗೆಯಲ್ಲಿ ಹದಿನಾಲ್ಕು ಮಂದಿ ಮಾರಾಟ ಸಿಬ್ಬಂದಿ ಇದ್ದಾರೆ. ಹಬ್ಬದ ವ್ಯಾಪಾರ ಆರಂಭವಾಗುವ ಮುನ್ನ ಅವರೆಲ್ಲರ ಹಲ್ಲುಗಳನ್ನೂ ಬೆಳ್ಳಗೆ ಮಾಡಿಕೊಡುವುದಾಗಿ ಒಂದು ಸೌಂದರ್ಯ ಮಳಿಗೆಯವರು ಸಗಟು ದರದ ಪಟ್ಟಿಯೊಂದನ್ನು ಕೊಟ್ಟು ಹೋಗಿದ್ದರು. "ದಿನವಿಡೀ ಕಾಫಿ ಕುಡಿದು ನಮ್ಮ ಹುಡುಗರ ಹಲ್ಲೆಲ್ಲ ಕಂದಾಗಿದೆ. ಗಿರಾಕಿಯ ಎದುರು ನಕ್ಕರೆ ಚೆನ್ನಾಗಿ ಕಾಣುವುದಿಲ್ಲ. ಈ ಖರ್ಚನ್ನು ವ್ಯಾಪಾರದ ವೆಚ್ಚಕ್ಕೆ ಹಾಕಿಕೊಳ್ಳಬಹುದೆ? ಹಾಕಿಕೊಂಡರೂ ಹಣ ಕೊಟ್ಟಷ್ಟು ಪ್ರಯೋಜನವಾಗುತ್ತದೆಯೆ?" ಎಂದು ಅವರು ಕೇಳಿದರು. ಮೊದಲ ಪ್ರಶ್ನೆಗೆ ಉತ್ತರಿಸುವುದು ನನ್ನ ವೃತ್ತಿ. ಎರಡನೆಯದಕ್ಕೆ ಉತ್ತರ ನನ್ನ ಬಾಯಲ್ಲಿಯೇ ಇತ್ತು. ಅದಕ್ಕೆ ತಕ್ಕ ಬೆಲೆಯನ್ನೂ ನಾನು ತೆತ್ತಿದ್ದೆ.

ಕಲೆ ಎಲ್ಲಿ ಕೂರುತ್ತದೆ

ಹಲ್ಲಿನ ಹೊರಗವಚವಾದ ಎನಾಮೆಲ್ ಮಾನವ ಶರೀರದ ಅತ್ಯಂತ ಗಟ್ಟಿಯಾದ ವಸ್ತು. ತೂಕದ ಲೆಕ್ಕದಲ್ಲಿ ಅದರ ಶೇ. 96ರಷ್ಟು ಭಾಗ ಖನಿಜವೇ ಆಗಿದೆ. ಅದರ ಕೆಳಗಿರುವ ಡೆಂಟಿನ್ ಎಂಬ ಪದರವು ಸಹಜವಾಗಿಯೇ ಹಳದಿ ಛಾಯೆಯದು. ಎನಾಮೆಲ್ ಅರೆಪಾರದರ್ಶಕವಾದುದರಿಂದ ಕೆಳಗಿನ ಹಳದಿಯು ಮೇಲಕ್ಕೆ ತೋರುತ್ತದೆ. ವಯಸ್ಸಾದಂತೆ ಎನಾಮೆಲ್ ಸವೆದು ತೆಳುವಾಗುವುದರಿಂದ ಐವತ್ತು ದಾಟಿದವರ ಹಲ್ಲು ಇಪ್ಪತ್ತರ ಹರೆಯದವರ ಹಲ್ಲಿಗಿಂತ ಹೆಚ್ಚು ಹಳದಿಯಾಗಿ ಕಾಣುವುದು ಸ್ವಾಭಾವಿಕ. ಅದೆಲ್ಲವನ್ನೂ ಕಾಫಿಯ ಖಾತೆಗೆ ಖರ್ಚು ಬರೆಯುವುದು ನ್ಯಾಯವಲ್ಲ.

ಕಾಫಿಯ ಪಾಲೂ ಇಲ್ಲದಿಲ್ಲ. ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನಲ್ಲಿರುವ ಪ್ರೋಟೀನುಗಳು ಹಲ್ಲಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದನ್ನು ಹರಡುತ್ತವೆ. ಕಾಫಿಯಲ್ಲಿರುವ ಪಾಲಿಫಿನಾಲ್‌ಗಳೂ ಬೀಜವನ್ನು ಹುರಿಯುವಾಗ ಉಂಟಾಗುವ ಕಂದು ವರ್ಣದ್ರವ್ಯಗಳೂ ಈ ಪೊರೆಗೆ ಅಂಟಿಕೊಳ್ಳುತ್ತವೆ. ಸರಿಯಾಗಿ ಉಜ್ಜದೆ ಉಳಿದ ಕೊಳೆ ಮತ್ತು ಗಾರೆಗಟ್ಟಿದ ಕಿಟ್ಟದ ಮೇಲೆ ಅವು ಇನ್ನಷ್ಟು ದಟ್ಟವಾಗಿ ಕೂರುತ್ತವೆ. ಕೆಳಗಿನ ಮುಂಭಾಗದ ಹಲ್ಲುಗಳ ಒಳಬದಿಯಲ್ಲಿ ಕಂದುಗಪ್ಪು ಗೆರೆ ಕಾಣುವುದು ಈ ಕಾರಣದಿಂದ. ಇದು ಹೊರಗಿನ ಕಲೆ. ವರ್ಷಾನುಗಟ್ಟಲೆ ಕುಡಿದವರಲ್ಲಿ ವರ್ಣದ್ರವ್ಯದ ಸ್ವಲ್ಪ ಭಾಗ ಎನಾಮೆಲ್‌ನ ಸೂಕ್ಷ್ಮ ಬಿರುಕುಗಳ ಒಳಕ್ಕೂ ಇಳಿದಿರುತ್ತದೆ. ಹೊರಗಿನದನ್ನು ತೆಗೆಯುವ ಕ್ರಮ ಬೇರೆ, ಒಳಗಿನದನ್ನು ತಿಳಿಗೊಳಿಸುವ ಕ್ರಮ ಬೇರೆ. ಮಾರುಕಟ್ಟೆಯಲ್ಲಿ ನಡೆಯುವ ಬಹುಪಾಲು ಗೊಂದಲಕ್ಕೆ ಈ ಎರಡನ್ನೂ ಒಂದೇ ಎಂದು ಭಾವಿಸುವುದೇ ಮೂಲ.

ದೇಶದ ಕಾಫಿ ಉತ್ಪಾದನೆಯ ಸುಮಾರು ಶೇ. 70 ಭಾಗವನ್ನು ಬೆಳೆಯುವ ರಾಜ್ಯದಲ್ಲಿ ಕುಳಿತು ಕಾಫಿಯನ್ನು ದೂಷಿಸುವ ಧೈರ್ಯ ನನಗಿಲ್ಲ. ಚಿಕ್ಕಮಗಳೂರು, ಕೊಡಗು, ಹಾಸನಗಳ ನಮ್ಮ ವರ್ತಕ ಮಿತ್ರರಿಗೆ ಸಮಾಧಾನದ ಮಾತೂ ಒಂದಿದೆ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ಇಂತಹ ಕಲೆಗಾರ ದ್ರವ್ಯಗಳನ್ನು ಲೋಟದಲ್ಲಿಯೇ ಹಿಡಿದಿಡುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಚಹಾದ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹಾಲು ಬೆರೆಸಿದಾಗ ಹಲ್ಲಿಗೆ ಕಲೆ ಹಿಡಿಯುವುದು ಗಮನಾರ್ಹವಾಗಿ ಕಡಿಮೆಯಾದುದು ಕಂಡುಬಂದಿತು. ನಮ್ಮ ಫಿಲ್ಟರ್ ಕಾಫಿಗೂ ಈ ತತ್ತ್ವ ಅನ್ವಯಿಸದಿರಲು ಕಾರಣವಿಲ್ಲ. ಕಚೇರಿಗಳಲ್ಲಿ ಈಗ ಗೌರವದ ಲಕ್ಷಣವಾಗಿರುವ ಹಾಲಿಲ್ಲದ ಕಪ್ಪು ಕಾಫಿಗೆ ಈ ರಕ್ಷಣೆ ಇಲ್ಲ.

ನೀರಿನ ಲೋಟದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಹೋಟೆಲುಗಳಲ್ಲಿ ಕಾಫಿಗೆ ಮುನ್ನ ನೀರು ತಂದಿಡುವುದು ಸಂಪ್ರದಾಯ. ನಾವೂ ಅದನ್ನು ಮೊದಲೇ ಕುಡಿದು ಮುಗಿಸುತ್ತೇವೆ. ಕಾಫಿಯ ರುಚಿ ನಾಲಗೆಯ ಮೇಲೆ ಉಳಿಯಲಿ ಎಂಬ ಆಸೆಯಿಂದ ನಂತರ ನೀರು ಮುಟ್ಟುವುದಿಲ್ಲ. ಹಲ್ಲಿನ ದೃಷ್ಟಿಯಿಂದ ನೋಡಿದರೆ ಕಾಫಿಯ ನಂತರದ ಎರಡು ಗುಟುಕು ನೀರೇ ಬೆಲೆಯುಳ್ಳದ್ದು. ಹಾಗೆಯೇ ಒಂದು ದೊಡ್ಡ ಲೋಟದ ಕಾಫಿಯನ್ನು ಎರಡು ಗಂಟೆ ಕಾಲ ಗುಟುಕರಿಸುತ್ತ ಕೂರುವುದಕ್ಕಿಂತ ಹತ್ತು ನಿಮಿಷದಲ್ಲಿ ಕುಡಿದು ಮುಗಿಸುವುದು ಲೇಸು.

ನನ್ನ ನಷ್ಟದ ವಿವರ

ಲೆಕ್ಕ ಪರಿಶೋಧನೆಯ ಋತುವಿನಲ್ಲಿ ದಿನಕ್ಕೆ ಆರು ಲೋಟ ಕಾಫಿ ನನಗೆ ಕನಿಷ್ಠ ಪ್ರಮಾಣ. ಕೆಲವು ವರ್ಷಗಳ ಹಿಂದೆ ಮಗಳ ನಿಶ್ಚಿತಾರ್ಥದ ದಿನ ಗೊತ್ತಾದಾಗ, ಛಾಯಾಚಿತ್ರದಲ್ಲಿ ನನ್ನ ಹಲ್ಲುಗಳು ಹೇಗೆ ಕಾಣಬಹುದೆಂಬ ಚಿಂತೆ ಮೂಡಿತು. ಪರಿಚಿತರೊಬ್ಬರು ನಿಂಬೆರಸದಲ್ಲಿ ಅಡುಗೆ ಸೋಡಾ ಕಲಸಿ ಉಜ್ಜುವ ಉಪಾಯವನ್ನು ಹೇಳಿಕೊಟ್ಟರು. ಹತ್ತು ರೂಪಾಯಿಯ ವೋಚರಿಗೂ ಸಹಿ ಇದೆಯೇ ಎಂದು ನೋಡುವ ನಾನು, ಈ ಸಲಹೆಗೆ ಆಧಾರವೇನೆಂದು ಕೇಳಲಿಲ್ಲ. ಮೂರು ವಾರ ಬೆಳಿಗ್ಗೆ ಸಂಜೆ ಶ್ರದ್ಧೆಯಿಂದ ಉಜ್ಜಿದೆ. ಹಲ್ಲು ನಿಜಕ್ಕೂ ಸ್ವಲ್ಪ ತಿಳಿಯಾಯಿತು. ನಿಶ್ಚಿತಾರ್ಥದ ಊಟದಲ್ಲಿ ತಣ್ಣನೆಯ ನೀರು ಕುಡಿದಾಗ ಮುಂದಿನ ನಾಲ್ಕು ಹಲ್ಲುಗಳಲ್ಲಿ ಸೂಜಿ ಚುಚ್ಚಿದಂತಾಗಿ ಕಣ್ಣಲ್ಲಿ ನೀರು ಬಂದಿತು. ಬೀಗರು ಅದನ್ನು ಮಗಳ ಮೇಲಿನ ಮಮತೆ ಎಂದುಕೊಂಡರು.

ದಂತವೈದ್ಯರು ಕನ್ನಡಿ ಹಿಡಿದು ವಿವರಿಸಿದರು. ಬಾಯಿಯೊಳಗಿನ ಪಿಎಚ್ ಪ್ರಮಾಣ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನ ಖನಿಜ ಕರಗತೊಡಗುತ್ತದೆ. ನಿಂಬೆರಸದ ಪಿಎಚ್ 2ರ ಆಸುಪಾಸಿನದು. ಸೋಡಾ ಬೆರೆಸಿದಾಗ ನೊರೆಯುಕ್ಕಿ ಆಮ್ಲದ ಒಂದಿಷ್ಟು ಭಾಗ ತಟಸ್ಥವಾಗುವುದೇನೋ ನಿಜ. ಆದರೆ ಚಮಚದ ಅಳತೆಯಿಲ್ಲದೆ ಕಲಸುವ ನಮ್ಮಂತಹವರ ಕೈಯಲ್ಲಿ ಆಮ್ಲವೇ ಮಿಕ್ಕುವುದುಂಟು. ಆಮ್ಲದಿಂದ ಮೆತ್ತಗಾದ ಎನಾಮೆಲ್ಲನ್ನು ಅದೇ ಕ್ಷಣ ಬಿರುಸಾದ ಬ್ರಷ್ಷಿನಿಂದ ತಿಕ್ಕಿದರೆ ಅದು ಸವೆದು ಹೋಗುತ್ತದೆ. ಹುಳಿ ತಿಂದ ಮೇಲೆ ಅರ್ಧ ಗಂಟೆಯಾದರೂ ಬಿಟ್ಟು ಹಲ್ಲುಜ್ಜಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಗಾಯವಾದರೆ ಚರ್ಮ ಬೆಳೆಯುತ್ತದೆ. ಎನಾಮೆಲ್ಲನ್ನು ಕಟ್ಟುವ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೇ ಇಲ್ಲವಾಗಿರುವುದರಿಂದ ಸವೆದುಹೋದ ಪದರ ಮತ್ತೆ ಬೆಳೆಯುವುದಿಲ್ಲ. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಇದು ಸವಕಳಿ ಉಂಟು, ಮರುಖರೀದಿ ಇಲ್ಲ ಎಂಬಂತಹ ಆಸ್ತಿ. ನಾನು ಮೂರು ವಾರಗಳಲ್ಲಿ ಕಳೆದುಕೊಂಡದ್ದು ಕಲೆಯನ್ನಲ್ಲ, ಕಲೆ ಕುಳಿತಿದ್ದ ನೆಲವನ್ನೇ. ಅಂದಿನಿಂದ ಮಜ್ಜಿಗೆಯನ್ನೂ ಬೆಚ್ಚಗೆ ಮಾಡಿ ಕುಡಿಯುತ್ತಿದ್ದೇನೆ.

ಟ್ಯೂಬಿನ ಮೇಲಿನ ಮಾತು

ಬಿಳುಪಿನ ಟೂತ್‌ಪೇಸ್ಟುಗಳೆಂದು ಮಾರಾಟವಾಗುವವುಗಳಲ್ಲಿ ಹೆಚ್ಚಿನವು ಮಾಡುವ ಕೆಲಸ ತಿಕ್ಕಿ ತೆಗೆಯುವುದು. ಸಿಲಿಕಾ, ಸುಣ್ಣದ ಪುಡಿ ಮೊದಲಾದ ಕಣಗಳು ಹೊರಗಿನ ಕಲೆಯನ್ನು ಕೆರೆಯುತ್ತವೆ. ಒಳಗಿನ ಬಣ್ಣವನ್ನು ಅವು ಮುಟ್ಟಲಾರವು. ಪೇಸ್ಟಿನ ಸವೆಸುವ ಶಕ್ತಿಯನ್ನು ಅಳೆಯಲು ಅಂತರರಾಷ್ಟ್ರೀಯ ಮಾನದಂಡವೊಂದಿದ್ದು, ಅದರಲ್ಲಿ 250 ಎಂಬುದು ಮೀರಬಾರದ ಮಿತಿ. ನಮ್ಮಲ್ಲಿ ಟ್ಯೂಬಿನ ಮೇಲೆ ಈ ಅಂಕಿ ಸಾಮಾನ್ಯವಾಗಿ ಮುದ್ರಿತವಾಗಿರುವುದಿಲ್ಲ. ಕೊಳ್ಳುವವನು ಕೇಳುವುದೂ ಇಲ್ಲ.

ಕೆಲವು ಪೇಸ್ಟುಗಳಲ್ಲಿ ನೀಲಿ ವರ್ಣದ್ರವ್ಯವನ್ನು ಸೇರಿಸಿರುತ್ತಾರೆ. ಜವಳಿ ವ್ಯಾಪಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳದಿಗಟ್ಟಿದ ಪಂಚೆಯನ್ನು ನೀಲಿ ಹಾಕಿದ ನೀರಿನಲ್ಲಿ ಅದ್ದಿ ತೆಗೆದರೆ ಬೆಳ್ಳಗೆ ತೋರುವ ತಂತ್ರವೇ ಇದು. ಹಳದಿ ಹೋಗಿರುವುದಿಲ್ಲ, ನೀಲಿಯು ಅದನ್ನು ಕಣ್ಣಿಗೆ ಮರೆಮಾಡಿರುತ್ತದೆ. ಪಂಚೆಯಂತೆಯೇ ಹಲ್ಲಿನಲ್ಲಿಯೂ ಅದು ಬಹುಕಾಲ ನಿಲ್ಲುವುದಿಲ್ಲ.

ಇನ್ನು ಇದ್ದಿಲು. ನಮ್ಮ ಅಜ್ಜಂದಿರು ಒಲೆಯಿಂದ ಎತ್ತಿಕೊಂಡು ಪುಕ್ಕಟೆಯಾಗಿ ಉಜ್ಜುತ್ತಿದ್ದ ವಸ್ತು ಈಗ ಕಪ್ಪು ಟ್ಯೂಬಿನಲ್ಲಿ ದುಬಾರಿ ಬೆಲೆಗೆ ಮರಳಿ ಬಂದಿದೆ. ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ವಿಮರ್ಶಾ ಲೇಖನವು, ಇದ್ದಿಲಿನ ಪೇಸ್ಟುಗಳ ಸುರಕ್ಷತೆಗಾಗಲಿ ಪರಿಣಾಮಕ್ಕಾಗಲಿ ಸಾಕಷ್ಟು ಪುರಾವೆ ಇಲ್ಲವೆಂದು ಹೇಳಿತು. ತಂಬಾಕು ಬೆರೆತ ಹಲ್ಲುಪುಡಿಯನ್ನು ಭಾರತ ಸರ್ಕಾರ 1992ರಲ್ಲಿಯೇ ನಿಷೇಧಿಸಿತು. ಅದಕ್ಕೂ ಮೊದಲು ಅವು ಸಹ ಹಲ್ಲಿನ ಹಿತಕ್ಕೆಂದೇ ಮಾರಾಟವಾಗುತ್ತಿದ್ದವು. ಜಾಹೀರಾತಿನ ಮಾತನ್ನು ಪರಿಶೀಲಿಸುವವರು ಈಗ ಇದ್ದಾರೆ. ಜಗತ್ತಿನಾದ್ಯಂತ ದಂತವೈದ್ಯರು ಶಿಫಾರಸು ಮಾಡುವ ಪೇಸ್ಟು ಎಂಬ ಜಾಹೀರಾತಿಗಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ಸೆನ್ಸೊಡೈನ್ ತಯಾರಕರಿಗೆ 10 ಲಕ್ಷ ರೂಪಾಯಿ ದಂಡ ವಿಧಿಸಿದ್ದನ್ನು, ಇಂತಹ ಸರಕನ್ನು ಮಾರುವ ನಮ್ಮ ವಿತರಕ ಸದಸ್ಯರು ನೆನಪಿನಲ್ಲಿಡುವುದು ಒಳ್ಳೆಯದು.

ಬಾಯಿ ಮುಕ್ಕಳಿಸುವ ಔಷಧಗಳಲ್ಲಿ ಕ್ಲೋರ್‌ಹೆಕ್ಸಿಡಿನ್ ಇರುವವು ಹೆಚ್ಚು ದಿನ ಬಳಸಿದರೆ ತಾವೇ ಕಂದು ಕಲೆಯನ್ನುಂಟುಮಾಡುತ್ತವೆ. ಜೊತೆಗೆ ಕಾಫಿ, ಚಹಾ ಕುಡಿಯುವವರಲ್ಲಿ ಇದು ಇನ್ನೂ ಹೆಚ್ಚು. ವೈದ್ಯರು ಹೇಳಿದಷ್ಟು ದಿನಕ್ಕೆ ಮಾತ್ರ ಅದನ್ನು ನಿಲ್ಲಿಸತಕ್ಕದ್ದು.

ವೈದ್ಯರ ಕುರ್ಚಿಯಲ್ಲಿ

ಕಾಫಿಯ ಹೊರಗಿನ ಕಲೆಗೆ ಸರಳ ಪರಿಹಾರವೆಂದರೆ ದಂತವೈದ್ಯರಲ್ಲಿ ಹಲ್ಲು ಶುಚಿ ಮಾಡಿಸಿ ಹೊಳಪು ಕೊಡಿಸುವುದು. ಶುಚಿ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬ ಭಯ ನಮ್ಮಲ್ಲಿ ವ್ಯಾಪಕವಾಗಿದೆ. ಸಡಿಲಗೊಳಿಸುವುದು ವಸಡಿನ ರೋಗ. ಹಲವು ವರ್ಷ ಸೇರಿಕೊಂಡ ಕಿಟ್ಟ ಹೋದಾಗ ಆ ಸಡಿಲತನ ಅರಿವಿಗೆ ಬರುತ್ತದೆ, ಅಷ್ಟೆ. ಅನೇಕರಿಗೆ ಇಷ್ಟರಿಂದಲೇ ತೃಪ್ತಿಯಾಗುತ್ತದೆ. ಬಿಳುಪಿನ ಚಿಕಿತ್ಸೆಗೆ ಇದರ ಹಲವು ಪಟ್ಟು ಖರ್ಚು ತಗಲುವುದರಿಂದ, ಶುಚಿ ಮಾಡಿಸಿದ ನಂತರವೇ ಅದು ಬೇಕೆ ಬೇಡವೆ ಎಂದು ನಿರ್ಧರಿಸುವುದು ಜಾಣತನ.

ಬಿಳುಪಿನ ಚಿಕಿತ್ಸೆಯ ಮೂಲ ದ್ರವ್ಯ ಹೈಡ್ರೋಜನ್ ಪೆರಾಕ್ಸೈಡ್. ಇದು ಎನಾಮೆಲ್ಲನ್ನು ಹಾದು ಒಳಗಿಳಿದು ವರ್ಣದ್ರವ್ಯದ ಅಣುಗಳನ್ನು ಒಡೆಯುತ್ತದೆ. ಮನೆಯಲ್ಲಿ ರಾತ್ರಿ ಧರಿಸುವ ಅಚ್ಚಿನೊಳಗೆ ಇದನ್ನು ಬಳಸುವ ಕ್ರಮ ಆಕಸ್ಮಿಕವಾಗಿ ದೊರೆತದ್ದು. ಅಮೆರಿಕದ ಅರ್ಕಾನ್ಸಾ ರಾಜ್ಯದ ಬಿಲ್ ಕ್ಲುಸ್ಮಿಯರ್ ಎಂಬ ದಂತವೈದ್ಯರು 1960ರ ದಶಕದ ಕೊನೆಯಲ್ಲಿ ವಸಡಿನ ಉರಿಗೆಂದು ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಇದ್ದ ನಂಜುನಿರೋಧಕವನ್ನು ರೋಗಿಗಳಿಗೆ ಕೊಡುತ್ತಿದ್ದರು. ವಸಡಿನ ಜೊತೆಗೆ ಹಲ್ಲೂ ತಿಳಿಯಾದುದನ್ನು ಅವರು ಗಮನಿಸಿದರು. 1989ರಲ್ಲಿ ಹೇವುಡ್ ಮತ್ತು ಹೇಮನ್ ಎಂಬವರು ಈ ಕ್ರಮವನ್ನು ಶಾಸ್ತ್ರೀಯವಾಗಿ ಪ್ರಕಟಿಸಿದರು. ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಸುಮಾರು ಶೇ. 3.5ರ ಹೈಡ್ರೋಜನ್ ಪೆರಾಕ್ಸೈಡಿಗೆ ಸಮ. ವೈದ್ಯರ ಕುರ್ಚಿಯಲ್ಲಿ ಒಂದೇ ದಿನದಲ್ಲಿ ಮಾಡುವ ಚಿಕಿತ್ಸೆಯಲ್ಲಿ ಇದಕ್ಕಿಂತ ಎಷ್ಟೋ ತೀಕ್ಷ್ಣವಾದ, ಶೇ. 25ರಿಂದ 40ರವರೆಗಿನ ದ್ರಾವಣವಿರುತ್ತದೆ. ಆದುದರಿಂದ ವಸಡನ್ನು ಮೊದಲು ಮುಚ್ಚಿ ರಕ್ಷಿಸಬೇಕಾಗುತ್ತದೆ. ಮೇಲಿಂದ ಬಿಡುವ ನೀಲಿ ದೀಪ ನೋಡಲು ಭವ್ಯವಾಗಿದ್ದರೂ ಅದರಿಂದ ಅಂತಿಮ ಫಲಿತಾಂಶ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲವೆಂಬುದು ಹಲವು ಪರೀಕ್ಷೆಗಳ ಅಭಿಪ್ರಾಯ. ಕುರ್ಚಿಯಿಂದ ಎದ್ದ ಕ್ಷಣ ಕಾಣುವ ಬಿಳುಪಿನಲ್ಲಿ ಹಲ್ಲು ಒಣಗಿದುದರ ಪಾಲೂ ಇರುತ್ತದೆ. ಎರಡು ಮೂರು ದಿನಗಳಲ್ಲಿ ಅದು ಸ್ವಲ್ಪ ಇಳಿಯುತ್ತದೆ.

ಚಿಕಿತ್ಸೆಗೆ ಮುನ್ನ ತಿಳಿದಿರಬೇಕಾದ ಸಂಗತಿಗಳೂ ಉಂಟು. ಹುಳುಕನ್ನು ಮೊದಲು ತುಂಬಿಸಿರಬೇಕು, ಇಲ್ಲವಾದರೆ ದ್ರಾವಣ ನೇರವಾಗಿ ನರದ ಕಡೆಗೆ ಇಳಿಯುತ್ತದೆ. ಕ್ಯಾಪ್ ಹಾಕಿದ ಅಥವಾ ಸಿಮೆಂಟು ತುಂಬಿದ ಹಲ್ಲು ಬೆಳ್ಳಗಾಗುವುದಿಲ್ಲ. ಅಕ್ಕಪಕ್ಕದವು ಬೆಳ್ಳಗಾಗಿ ಅದೊಂದೇ ಎದ್ದು ಕಾಣುವ ಪ್ರಸಂಗ ಅಪರೂಪವಲ್ಲ. ಜುಮ್ಮೆನ್ನುವ ಬಾಧೆ ಹಲವರಿಗೆ ಕೆಲವು ದಿನ ಇರುತ್ತದೆ. ಗರ್ಭಿಣಿಯರಿಗೆ ಇದು ಸಲ್ಲದು. ನನಗೂ ಸಲ್ಲದೆಂದು ವೈದ್ಯರು ಹೇಳಿದರು, ಕಾರಣ ಮೇಲೆ ಹೇಳಿದ ನಿಂಬೆಹಣ್ಣು. ಇದರ ಫಲ ಶಾಶ್ವತವೂ ಅಲ್ಲ. ಕಾಫಿ ಮುಂದುವರಿದರೆ ಕಲೆಯೂ ಕಾಲಕ್ರಮದಲ್ಲಿ ಮರಳುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2012ರ ಅಕ್ಟೋಬರ್ 31ರಿಂದ ಶೇ. 0.1ಕ್ಕಿಂತ ಹೆಚ್ಚು, ಶೇ. 6ರವರೆಗಿನ ಪೆರಾಕ್ಸೈಡ್ ಇರುವ ಬಿಳುಪಿನ ಪದಾರ್ಥಗಳನ್ನು ದಂತವೈದ್ಯರಿಗೆ ಮಾತ್ರ ಮಾರಬಹುದು, 18 ವರ್ಷ ತುಂಬದವರ ಮೇಲೆ ಬಳಸುವಂತಿಲ್ಲ. ನಮ್ಮಲ್ಲಿ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದವರು ದಂತಚಿಕಿತ್ಸೆ ಮಾಡುವಂತಿಲ್ಲ. ಸೌಂದರ್ಯ ಮಳಿಗೆಯಲ್ಲಿ ತೀಕ್ಷ್ಣ ದ್ರಾವಣ ಹಚ್ಚುವವರು ಈ ಕಾಯ್ದೆಯನ್ನು ಓದಿರುವಂತೆ ತೋರುವುದಿಲ್ಲ.

ಮೊದಲ ಪ್ರಶ್ನೆಗೆ ಉತ್ತರ

ವ್ಯಾಪಾರಿಯು ತನ್ನ ಸ್ವಂತ ಹಲ್ಲನ್ನು ಬೆಳ್ಳಗೆ ಮಾಡಿಸಿಕೊಂಡರೆ ಅದು ಸ್ವಂತ ಖರ್ಚು. ವ್ಯಾಪಾರದಲ್ಲಿ ನಗು ಬೇಕೆಂಬ ವಾದ ನಿಲ್ಲುವುದಿಲ್ಲ. ಹಿರಿಯ ವಕೀಲರೂ ಕೇಂದ್ರದ ಮಾಜಿ ಕಾನೂನು ಸಚಿವರೂ ಆಗಿದ್ದ ಶಾಂತಿಭೂಷಣ್ ಅವರು ತಮ್ಮ ಹೃದಯ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ವೃತ್ತಿಯ ಯಂತ್ರಸಾಮಗ್ರಿಯ ದುರಸ್ತಿಯೆಂದು ಪರಿಗಣಿಸಬೇಕೆಂದು ವಾದಿಸಿದ್ದರು. ದೆಹಲಿ ಉಚ್ಚ ನ್ಯಾಯಾಲಯವು 2011ರಲ್ಲಿ ಅದನ್ನು ಒಪ್ಪಲಿಲ್ಲ. ಹೃದಯಕ್ಕೇ ಸಿಗದ ರಿಯಾಯಿತಿ ಹಲ್ಲಿಗೆ ಸಿಕ್ಕೀತೆ? ಬ್ರಿಟನ್ನಿನಲ್ಲಿ ನ್ಯಾಯವಾದಿಯೊಬ್ಬರು ನ್ಯಾಯಾಲಯಕ್ಕೆ ಧರಿಸುವ ಕಪ್ಪು ಉಡುಪಿನ ವೆಚ್ಚವನ್ನು ಕೇಳಿದಾಗಲೂ 1983ರಲ್ಲಿ ಹೌಸ್ ಆಫ್ ಲಾರ್ಡ್ಸ್ ಇದೇ ರೀತಿಯ ಉತ್ತರವಿತ್ತಿತು.

ಸಿಬ್ಬಂದಿಗಾಗಿ ಮಾಲೀಕರು ಮಾಡುವ ಖರ್ಚಿನ ಸ್ವರೂಪ ಬೇರೆ. ಅದು ಮಾಲೀಕರ ಸ್ವಂತ ಖರ್ಚಲ್ಲವಾದುದರಿಂದ ವ್ಯಾಪಾರದ ಹಿತಕ್ಕಾಗಿ ಮಾಡಿದ ಸಿಬ್ಬಂದಿ ಕಲ್ಯಾಣ ವೆಚ್ಚವೆಂದು ಸಮರ್ಥಿಸಿಕೊಳ್ಳಬಹುದು. ಜಿಎಸ್‌ಟಿಯ ವಿಷಯದಲ್ಲಿ ಮಾತ್ರ ಆಸೆ ಬೇಡ. ಸೌಂದರ್ಯ ಚಿಕಿತ್ಸೆ, ಆರೋಗ್ಯ ಸೇವೆ ಮೊದಲಾದವುಗಳ ಹೂಡುವಳಿ ತೆರಿಗೆ ಜಮೆಯನ್ನು ಕಾಯ್ದೆಯ 17(5)ನೆಯ ಕಲಮು ಸಾಮಾನ್ಯವಾಗಿ ತಡೆಹಿಡಿಯುತ್ತದೆ. ದಂತವೈದ್ಯರ ಚಿಕಿತ್ಸೆಗೆ ಆರೋಗ್ಯ ಸೇವೆಯೆಂದು ತೆರಿಗೆ ವಿನಾಯಿತಿ ಉಂಟಾದರೂ, ಕೇವಲ ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಯನ್ನು ಆ ವ್ಯಾಖ್ಯೆಯಿಂದ ಹೊರಗಿಡಲಾಗಿದೆ. ಬಿಳುಪಿನ ಚಿಕಿತ್ಸೆಯನ್ನು ಶಸ್ತ್ರಚಿಕಿತ್ಸೆ ಎನ್ನಬಹುದೆ ಎಂಬುದು ವಾದಕ್ಕೆ ಎಡೆಯಿರುವ ವಿಷಯ. ಟೂತ್‌ಪೇಸ್ಟು, ಬ್ರಷ್ಷುಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ ಶೇ. 5ಕ್ಕೆ ಇಳಿದಿರುವುದು ಎಲ್ಲರಿಗೂ ತಿಳಿದಿದೆ. ಒಳ್ಳೆಯ ಮೃದು ಬ್ರಷ್ಷು ಕೊಳ್ಳಲು ಇದಕ್ಕಿಂತ ಬೇರೆ ನೆಪ ಬೇಡ.

ಪಾವಗಡದ ಹುಡುಗ

ಸೀರೆ ವಿಭಾಗದಲ್ಲಿರುವ ಒಬ್ಬ ಹುಡುಗನ ವಿಷಯವನ್ನು ಹೇಳದೆ ಈ ಲೇಖನವನ್ನು ಮುಗಿಸಲಾರೆ. ನಾನು ಮಳಿಗೆಗೆ ಹೋದ ದಿನ ಮಾಲೀಕರು ಅವನನ್ನೇ ಕರೆದು ತೋರಿಸಿದರು. ಮೇಲಿನ ಹಲ್ಲುಗಳ ಮೇಲೆ ಸುಣ್ಣದಂತಹ ಬಿಳಿ ಮಚ್ಚೆಗಳೂ ಅಡ್ಡಡ್ಡ ಕಂದು ಪಟ್ಟಿಗಳೂ ಇದ್ದವು. "ಕಾಫಿ ಕಡಿಮೆ ಮಾಡು ಎಂದು ಎಷ್ಟು ಸಾರಿ ಹೇಳಿದ್ದೇನೆ" ಎಂದು ಮಾಲೀಕರು ಗದರಿದರು. ಹುಡುಗ ಬಾಯಿಗೆ ಕೈ ಅಡ್ಡ ಹಿಡಿದು, "ನಾನು ಕಾಫಿ ಕುಡಿಯುವುದಿಲ್ಲ ಸಾರ್" ಎಂದ. ಎರಡು ವರ್ಷದಿಂದ ಅವನು ಗಿರಾಕಿಗಳೊಡನೆ ಹಾಗೆ ಕೈ ಅಡ್ಡ ಹಿಡಿದೇ ಮಾತನಾಡುತ್ತಿದ್ದನಂತೆ. ಹಬ್ಬದ ನಂತರ ಅವನನ್ನು ಗೋದಾಮಿಗೆ ವರ್ಗಾಯಿಸುವ ಯೋಚನೆಯೂ ಮಾಲೀಕರಿಗಿತ್ತು.

ಅವನ ಊರು ಪಾವಗಡ ತಾಲ್ಲೂಕು. ಅಲ್ಲಿಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವೆಂಬುದು ಹಳೆಯ ಸಂಗತಿ. ಕೋಲಾರ, ಚಿತ್ರದುರ್ಗ, ರಾಯಚೂರು ಮೊದಲಾದ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಸ್ಥಿತಿಯೂ ಇದೇ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ, ಅಂದರೆ ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುತ್ತಿರುವಾಗ ಕುಡಿದವರ ಎನಾಮೆಲ್ ಹೀಗಾಗುತ್ತದೆ. ಇದು ಹೊರಗಿನಿಂದ ಹತ್ತಿದ ಕಲೆಯಲ್ಲ. ಉಜ್ಜಿದರೆ ಹೋಗುವುದಿಲ್ಲ. ಸೌಂದರ್ಯ ಮಳಿಗೆಯ ದ್ರಾವಣವನ್ನು ಹಚ್ಚಿದ್ದರೆ ಬಿಳಿ ಮಚ್ಚೆಗಳು ಮೊದಲಿಗಿಂತ ಎದ್ದು ಕಾಣುವ ಸಂಭವವೂ ಇತ್ತು. ಸೌಮ್ಯವಾಗಿದ್ದರೆ ಎನಾಮೆಲ್‌ನ ಅತಿ ತೆಳುವಾದ ಮೇಲ್ಪದರವನ್ನು ಅಳತೆಯಿಂದ ತೆಗೆಯುವ ಕ್ರಮವಿದೆ; ತೀವ್ರವಾಗಿದ್ದರೆ ಹಲ್ಲಿನ ಬಣ್ಣದ ಲೇಪವನ್ನು ಕೂರಿಸುತ್ತಾರೆ. ಇವೆರಡೂ ನುರಿತ ದಂತವೈದ್ಯರ ಕೆಲಸ.

ಈ ವಿಷಯವನ್ನು ನಾನು ಮಾಲೀಕರಿಗೆ ಹುಡುಗನ ಎದುರಿನಲ್ಲಿಯೇ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅವರ ತಾಯಿಯ ತವರು ಶಿರಾ ಕಡೆಯ ಹಳ್ಳಿಯೆಂದೂ, ತಮ್ಮ ಸೋದರಮಾವನ ಹಲ್ಲುಗಳೂ ಹೀಗೆಯೇ ಇದ್ದವೆಂದೂ ಆಮೇಲೆ ಹೇಳಿದರು. ಸಗಟು ದರದ ಪಟ್ಟಿ ಕಸದ ಬುಟ್ಟಿಗೆ ಹೋಯಿತು. ಹದಿನಾಲ್ಕು ಮಂದಿಯನ್ನೂ ಎರಡು ತಂಡಗಳಲ್ಲಿ ದಂತವೈದ್ಯರ ಬಳಿಗೆ ಕಳುಹಿಸಲಾಯಿತು. ಬಹುಪಾಲು ಜನರಿಗೆ ಶುಚಿ ಮಾಡಿದ್ದೇ ಸಾಕಾಯಿತು; ಇಬ್ಬರಿಗೆ ಹುಳುಕು ತುಂಬಿಸಬೇಕಾಯಿತು; ಒಬ್ಬ ಹಿರಿಯ ನೌಕರರ ಬಾಯಿಯಲ್ಲಿ ಅಡಿಕೆಯಿಂದಾದ ಬಿಳಿ ತೇಪೆಯೊಂದನ್ನು ಕಂಡು ವೈದ್ಯರು ಅವರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಅದು ಸಕಾಲದಲ್ಲಿ ಕಂಡಿತೆಂದು ಅಲ್ಲಿ ಹೇಳಿದರಂತೆ. ಪಾವಗಡದ ಹುಡುಗನಿಗೆ ಮೂರು ಭೇಟಿಗಳ ಚಿಕಿತ್ಸೆ ನಿಗದಿಯಾಗಿದ್ದು, ಎರಡು ಮುಗಿದಿವೆ. ಅವನು ಸೀರೆ ವಿಭಾಗದಲ್ಲಿಯೇ ಇದ್ದಾನೆ. ಕಳೆದ ವಾರ ನಾನು ಹೋದಾಗ ಗದ್ವಾಲ್ ಸೀರೆಯೊಂದರ ಸೆರಗನ್ನು ಎರಡೂ ಕೈಗಳಲ್ಲಿ ಬಿಡಿಸಿ ಹಿಡಿದು ಗಿರಾಕಿಗೆ ವಿವರಿಸುತ್ತಿದ್ದ.

ಬಿಲ್ಲುಗಳು ನನ್ನ ಮೇಜಿನ ಮೇಲಿವೆ. ಸಿಬ್ಬಂದಿ ಕಲ್ಯಾಣ ಖಾತೆಗೆ ಬರೆದುಕೊಂಡಿದ್ದೇನೆ. ಅವುಗಳಲ್ಲಿ ಜಿಎಸ್‌ಟಿ ಇಲ್ಲವಾದುದರಿಂದ ಜಮೆಯ ಪ್ರಶ್ನೆಯೂ ಉದ್ಭವಿಸಲಿಲ್ಲ.